ಹೃದಯಕ್ಕೇನೂ ಆಗಿಲ್ಲ

೪ ಜೂನ್

ಚೂಟಿ,

ಬಂದು ಸೇರಿದ್ದೇನೆ ಎಂದು ಫೋನಿನಲ್ಲೇ ಹೇಳಿದೆನಲ್ಲ, ಮತ್ತೆ ಕಾಗದ ಯಾಕೆ ಅನ್ನುತ್ತೀಯ. ಈ ಆಸ್ಪತ್ರೆಯಲ್ಲಿ ನಮ್ಮ ಫೋನುಗಳನ್ನು ಮುಂಬಾಗಿಲ ಮೇಜಿನವರು ಇಟ್ಟುಕೊಳ್ಳುತ್ತಾರೆ. ಬೇಕಾದಾಗ ಕೇಳಿ ಇಸಿದುಕೊಂಡು ಅಲ್ಲೇ ಮೊಗಸಾಲೆಯಲ್ಲಿ ನಿಂತು ಮಾತಾಡಬೇಕು. ಬೆಂಚಿನ ತುಂಬ ಜನ. ಅವರೆದುರು ‘ಊಟ ಆಯ್ತು, ಚೆನ್ನಾಗಿದೀನಿ’ ಎನ್ನುವುದು ಬಿಟ್ಟು ಬೇರೆ ಮಾತು ನನ್ನ ಬಾಯಿಗೆ ಬರುವುದಿಲ್ಲ. ನಿನ್ನ ದನಿ ಕೇಳಿದರೆ ಅದೂ ಬರುವುದಿಲ್ಲ.

ಕೋಣೆ ಪರವಾಗಿಲ್ಲ. ಎರಡು ಮಂಚ. ಕಿಟಕಿ ಒಂದು ಗೇಣು ತೆರೆಯುತ್ತದೆ, ಅದಕ್ಕಿಂತ ಹೆಚ್ಚು ತೆರೆಯದ ಹಾಗೆ ಕಬ್ಬಿಣದ ಪಟ್ಟಿ ಹೊಡೆದಿದ್ದಾರೆ. ಪಕ್ಕದ ಮಂಚದಲ್ಲಿ ಒಬ್ಬ ಬಸ್ ಡ್ರೈವರು. ಅವನೂ ನನ್ನಂತೆಯೇ ಬಂದವನು. ಯಾಕೆ ಬಂದೆ ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಇವತ್ತು ತಲೆಯ ಅಳತೆ ತೆಗೆದರು. ಆಯಸ್ಕಾಂತವನ್ನು ತಲೆಯ ಯಾವ ಜಾಗಕ್ಕೆ ಹಿಡಿಯಬೇಕು ಎಂಬುದನ್ನು ಗೊತ್ತುಮಾಡಲು ಮೂಗಿನ ಬುಡದಿಂದ ಹಿಂದಲೆಯವರೆಗೆ, ಈ ಕಿವಿಯಿಂದ ಆ ಕಿವಿಯವರೆಗೆ ಟೇಪು ಹಿಡಿದು, ಟೋಪಿ ತೊಡಿಸಿ, ಅದರ ಮೇಲೆ ಗುರುತು ಹಾಕುತ್ತಾರೆ. ಇಷ್ಟು ವರ್ಷ ಊರವರ ಎದೆ, ಸೊಂಟ, ತೋಳು ಅಳೆದ ದರ್ಜಿ ನಾನು; ನನ್ನನ್ನು ಒಬ್ಬರು ಅಳೆದದ್ದು ಇದೇ ಮೊದಲು. ತಡೆಯಲಾರದೆ, ‘ಟೇಪು ಸಡಿಲ ಹಿಡಿದಿದೀಯಮ್ಮ, ಒಂದು ಬೆರಳು ಜಾಸ್ತಿ ಬರುತ್ತೆ’ ಅಂದೆ. ಯಂತ್ರ ನಡೆಸುವ ಆ ಹುಡುಗಿ ಮತ್ತೊಮ್ಮೆ ಅಳೆದು ತೋರಿಸಿದಳು. ಅವಳದೇ ಸರಿ. ‘ನೀವು ತಲೆ ತಗ್ಗಿಸ್ಕೊಂಡು ಕೂತಿದೀರಿ ಯಜಮಾನ್ರೇ, ಅದಕ್ಕೆ ಹಾಗನ್ನಿಸ್ತು’ ಅಂದಳು.

ಅಂಗಡಿಯಲ್ಲಿ ಏನು ಹೇಳಿದ್ದೀಯ? ಬೀದಿಯವರಿಗೆ ಏನು ಗೊತ್ತು? ಅದನ್ನು ಬರೆ. ನೀನು ಇಲ್ಲಿಗೆ ಬರುವುದು ಬೇಡ.

ನಿನ್ನ ಅಪ್ಪ


೧೧ ಜೂನ್

ಅಪ್ಪ,

ನಿನ್ನ ಕಾಗದ ಬಂದು ಕೆಲವು ದಿನ ಒಡೆಯದೆ ಇಟ್ಟಿದ್ದೆ. ಬೈಯಬೇಡ. ಲಕೋಟೆಯ ಮೇಲೆ ನಿನ್ನ ಅಕ್ಷರ ಕಂಡದ್ದೇ ಅದನ್ನು ಮಗುಚಿಟ್ಟೆ. ಇದಕ್ಕೆ ಮುಂಚೆ ನೀನು ನನಗೆ ಬರೆದದ್ದು ಒಂದೇ ಒಂದು ಚೀಟಿ. ಮನೆಯ ಇಸ್ತ್ರಿ ಮೇಜಿನ ಮೇಲೆ, ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸನ್ನು ಭಾರಕ್ಕೆ ಹೇರಿ ನೀನು ಇಟ್ಟಿದ್ದೆ. ‘ಮೂಲೆಮನೆ ಮೇಷ್ಟ್ರ ಕೋಟು ಆಗಿದೆ, ಕೊಟ್ಟುಬಿಡು. ಎಲ್ಲ ಕೆಲಸ ಮುಗಿದಿದೆ.’ ಅಷ್ಟೆ. ನನ್ನ ಹೆಸರೂ ಇರಲಿಲ್ಲ. ನಾನು ಆ ದಿನ ಆಫೀಸಿನಿಂದ ಬೇಗ ಬರದೆ ಇದ್ದಿದ್ದರೆ ಎಂಬಲ್ಲಿಗೆ ಯೋಚಿಸುವುದನ್ನು ನಿಲ್ಲಿಸಿಬಿಡುತ್ತೇನೆ.

ಕೇಳಿದೆಯಲ್ಲ, ಹೇಳುತ್ತೇನೆ. ಆಂಬ್ಯುಲೆನ್ಸು ಬಾಗಿಲಲ್ಲಿ ನಿಂತಿತ್ತು. ಕಾಜಾ ಮಾಮ ಅಂಗಡಿಯಿಂದ ಬರಿಗಾಲಲ್ಲೇ ಓಡಿಬಂದು ‘ಏನಾಯ್ತೇ?’ ಅಂದ. ‘ಹಾರ್ಟು’ ಅಂದುಬಿಟ್ಟೆ. ಯೋಚಿಸಿ ಹೇಳಿದ್ದಲ್ಲ. ನಿನ್ನ ಪಕ್ಕದಲ್ಲಿ ಕೂತು ಗುಂಡಿಯ ತೂತಿಗೆ ಕಾಜಾ ಹಾಕುತ್ತ, ಗುಂಡಿ ಹೊಲಿಯುತ್ತ ನನ್ನನ್ನು ಮಡಿಲಲ್ಲಿ ಆಡಿಸಿದವನ ಮುಖ ನೋಡಿ ನಿಜ ಹೇಳಲು ನನಗೆ ನಾಚಿಕೆಯಾಯಿತು. ನಿನ್ನ ಬಗ್ಗೆ ನಾಚಿಕೆಯಾಯಿತು ಅಪ್ಪ. ಇದನ್ನು ಬರೆಯಲೂ ನಾಚಿಕೆ.

ಈಗ ನೋಡು ಅವಸ್ಥೆ. ಮಾಮ ಅಂಗಡಿಗೆ ಒಂದು ಬೋರ್ಡು ಹಾಕಿದ್ದಾನೆ: ‘ಯಜಮಾನರಿಗೆ ಹೃದಯದ ತೊಂದರೆ. ಮೆಲ್ಲಗೆ ಮಾತಾಡಿ.’ ಯಜಮಾನರೇ ಊರಲ್ಲಿಲ್ಲ, ಇನ್ನು ಮೆಲ್ಲಗೆ ಮಾತಾಡಿ ಯಾರಿಗೆ ಉಪಕಾರ ಅಂತ ಕೇಳಿದರೆ, ‘ಜನಕ್ಕೆ ಈಗಿಂದ್ಲೇ ರೂಢಿ ಆಗ್ಲಿ’ ಅನ್ನುತ್ತಾನೆ. ಬಾಗಿಲ ಮುಂದೆ ಹಾರ್ನ್ ಹೊಡೆದ ಹಾಲಿನವನ ಜೊತೆ ಜಗಳ ಕಾದ. ನೀನು ಬಂದಮೇಲೆ ನಿನಗೆ ಉಪ್ಪಿಲ್ಲದ ಊಟ ತಾನೇ, ಒಬ್ಬನೇ ಹೇಗೆ ತಿಂತೀಯ ಅಂತ ತಾನೂ ಉಪ್ಪು ಬಿಟ್ಟಿದ್ದಾನೆ. ಕೇಳಿ ನಗು ಬಂತು. ಆಮೇಲೆ ಮನೆಗೆ ಬಂದು ಅತ್ತೆ.

ನಿನ್ನ ಚೂಟಿ


೧೯ ಜೂನ್

ಚೂಟಿ,

ಚೀಟಿಯ ವಿಷಯ ಬರೆಯಲು ಕೂತು ಎರಡು ಹಾಳೆ ಹರಿದೆ. ನಿನ್ನ ಹೆಸರು ಬರೆದಿದ್ದರೆ ಮುಂದಿನ ಕೆಲಸಕ್ಕೆ ಕೈ ಏಳುತ್ತಿರಲಿಲ್ಲ, ಅದಕ್ಕೇ ಬರೆಯಲಿಲ್ಲ. ಇದಕ್ಕಿಂತ ಹೆಚ್ಚು ಹೇಳಲಾರೆ. ಯಾಕೆ ಹಾಗೆ ಮಾಡಿದೆ ಎಂದೂ ಕೇಳಬೇಡ. ಹೊಲಿಗೆ ಬಿಟ್ಟರೆ ದಾರದ ತುದಿ ಎಲ್ಲಿದೆ ಅಂತ ಹುಡುಕಬಹುದು. ಇದಕ್ಕೆ ತುದಿ ನನಗೂ ಸಿಕ್ಕಿಲ್ಲ.

ಹಾರ್ಟು ಅಂದದ್ದು ಒಳ್ಳೆಯದೇ ಆಯಿತು. ಓದಿ ಹಾಯೆನಿಸಿತು. ಹೃದಯದ ಕಾಯಿಲೆಯವನನ್ನು ನೋಡಲು ಜನ ಹಣ್ಣು ಹಿಡಿದುಕೊಂಡು ಬರುತ್ತಾರೆ. ನನ್ನಂಥವನನ್ನು ನೋಡಲು ಏನು ಹಿಡಿದುಕೊಂಡು ಬರುತ್ತಾರೆ ಹೇಳು.

ಇಲ್ಲಿ ಚಿಕಿತ್ಸೆಯ ಮೊದಲ ದಿನವೇ ಮರ್ಯಾದೆ ಹೋಯಿತು. ಯಂತ್ರದ ಕೋಣೆಯೊಳಕ್ಕೆ ಕಬ್ಬಿಣದ ಚೂರೂ ಒಯ್ಯುವ ಹಾಗಿಲ್ಲ. ಕನ್ನಡಕ, ಬೆಲ್ಟು, ಕೀಲಿ ಎಲ್ಲ ತೆಗೆದು ತಟ್ಟೆಗೆ ಹಾಕಿದೆ. ‘ಇನ್ನೇನಾದ್ರೂ ಇದೆಯಾ?’ ಅಂದಳು ಹುಡುಗಿ. ‘ಏನೂ ಇಲ್ಲ’ ಅಂದೆ. ಕಿವಿಗೆ ಹತ್ತಿ ಇಡಲು ಬಗ್ಗಿದವಳು ನನ್ನ ಕಾಲರು ಸರಿಸಲು ಹೋಗಿ ‘ಸ್ಸ್!’ ಎಂದು ಕೈ ಹಿಂದಕ್ಕೆಳೆದುಕೊಂಡಳು. ಕಾಲರಿನ ಒಳಮಗ್ಗುಲಲ್ಲಿ ಎರಡು ಸೂಜಿ. ಒಂದರಲ್ಲಿ ಮೇಷ್ಟ್ರ ಕೋಟಿನ ಕಪ್ಪು ದಾರ ಹಾಗೇ ಇತ್ತು. ಅಂಗಡಿಗೆ ಹಾಕುವ ಷರ್ಟಿನಲ್ಲೇ ಬಂದುಬಿಟ್ಟಿದ್ದೆ. ಕೆಲಸದ ನಡುವೆ ಸೂಜಿಯನ್ನು ಕಾಲರಿಗೆ ಚುಚ್ಚಿಕೊಳ್ಳುವುದು ನನಗೆ ಉಸಿರಾಡಿದಷ್ಟೇ ರೂಢಿ, ನಿನಗೆ ಗೊತ್ತು. ಅವರಿಗೆ ಹೇಗೆ ಗೊತ್ತಾಗಬೇಕು?

ಡಾಕ್ಟರಮ್ಮ ಬಂದರು, ವಾರ್ಡಿನವರಿಬ್ಬರು ಬಂದರು. ನನ್ನ ಚೀಲ ಸುರಿದು ನೋಡಿದರು. ಒಬ್ಬ ನನ್ನ ಪ್ಯಾಂಟಿನ ಅಂಚನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡಿದ. ನಾನೇ ಹೊಲಿದ ಅಂಚು. ‘ನಾನು ದರ್ಜಿ’ ಅಂದೆ. ‘ಗೊತ್ತು’ ಅಂದ, ನೋಡುವುದನ್ನು ನಿಲ್ಲಿಸಲಿಲ್ಲ. ಬೇರೆ ದರ್ಜಿಯಾಗಿದ್ದರೆ ಆ ಮಾತು ಸಾಕಾಗುತ್ತಿತ್ತು. ನಾನು ಗೋಡೆ ನೋಡುತ್ತ ನಿಂತೆ.

ಚಿಕಿತ್ಸೆಗೆ ಹೆದರಬೇಕಾದ್ದೇನಿಲ್ಲ. ಎರಡು ಬಳೆ ಅಂಟಿಸಿಟ್ಟಂಥ ಆಯಸ್ಕಾಂತವನ್ನು ಎಡಗಡೆ ಹಣೆಯ ಮೇಲುಗಡೆಗೆ ತಾಗಿಸಿ ಹಿಡಿಯುತ್ತಾರೆ. ಟಕಟಕಟಕ ಅನ್ನುತ್ತದೆ, ನಿಲ್ಲುತ್ತದೆ, ಮತ್ತೆ ಟಕಟಕಟಕ. ನಮ್ಮ ಹಳೇ ಮಿಷನ್ನು ದಪ್ಪ ಬಟ್ಟೆಯ ಮೇಲೆ ಓಡಿದ ಹಾಗೆ. ಹಲ್ಲು ಸ್ವಲ್ಪ ಜುಮ್ಮೆನ್ನುತ್ತದೆ. ಎಷ್ಟು ಜೋರು ಬೇಕೆಂದು ನೋಡಲು ಮೊದಲು ಇನ್ನೊಂದು ಜಾಗಕ್ಕೆ ಹಿಡಿದಾಗ ನನ್ನ ಬಲಗೈ ಹೆಬ್ಬೆರಳು ನನ್ನನ್ನು ಕೇಳದೆ ಅಲುಗಿತು. ಬೆರಗಾಗಿ ನೋಡುತ್ತ ಕೂತೆ.

ಡಾಕ್ಟರಮ್ಮ ನೇರ ಮಾತಿನವರು. ‘ಇದು ಎಲ್ರಿಗೂ ಹಿಡಿಯುತ್ತೆ ಅಂತ ನಾನು ಹೇಳಲ್ಲ. ಹಿಡಿದ್ರೆ ಆ ಯೋಚನೆಯ ಜೋರು ತಗ್ಗುತ್ತೆ. ಆದ್ರೆ ಯಂತ್ರ ನಿಮ್ಮ ಮನೆಗೆ ಬರಲ್ಲ. ಮನೇಲಿ ಮನುಷ್ಯರು ಬೇಕು’ ಅಂದರು. ಒಂದು ಕಾರ್ಡು ಕೊಟ್ಟಿದ್ದಾರೆ. ಯೋಚನೆ ಬಂದ ಹೊತ್ತಿಗೆ ಯಾರಿಗೆ ಹೇಳುತ್ತೀರಿ, ಅವರ ಹೆಸರು ಬರೆಯಿರಿ ಅಂತ. ನಿನ್ನದು ಬರೆದೆ. ‘ಒಬ್ರು ಸಾಲಲ್ಲ. ಹಗಲೆಲ್ಲ ನಿಮ್ಮ ಜೊತೆ ಇರೋರು ಯಾರು?’ ಅಂದರು. ಕಾರ್ಡನ್ನು ಚೀಲಕ್ಕೆ ಹಾಕಿಕೊಂಡೆ.

ನಿನ್ನ ಅಪ್ಪ


೨೬ ಜೂನ್

ಅಪ್ಪ,

ಹಗಲೆಲ್ಲ ನಿನ್ನ ಜೊತೆ ಇರುವವನು ಯಾರೆಂದು ನಿನಗೂ ಗೊತ್ತು, ನನಗೂ ಗೊತ್ತು. ನಾನು ಬೆಳಿಗ್ಗೆ ಹೋದರೆ ಸಂಜೆ ಬರುವವಳು. ನೀನು ವಾಪಸು ಬಂದು ಆ ಅಂಗಡಿಯಲ್ಲಿ ಕತ್ತರಿಗಳ ನಡುವೆ ಕೂರುತ್ತೀಯ. ಪಕ್ಕದಲ್ಲಿರುವವನು ನಿನ್ನ ಎದೆಯನ್ನೇ ಕಾಯುತ್ತಿರುತ್ತಾನೆ. ಕಾಯಬೇಕಾದ್ದು ಕೈಯನ್ನು ಅಂತ ಅವನಿಗೆ ಗೊತ್ತೇ ಇರುವುದಿಲ್ಲ.

ನಿನ್ನೆ ಅಂಗಡಿಗೆ ಹೋದೆ, ಹೇಳಿಯೇಬಿಡೋಣ ಅಂತ. ‘ಮಾಮ, ಅಪ್ಪನ ವಿಷ್ಯ ಒಂದು…’ ಅಂದೆ. ಬೋರ್ಡಿನ ಕಡೆ ಬೆರಳು ತೋರಿಸಿ ‘ಮೆಲ್ಲಗೆ!’ ಅಂದ. ಮೆಲ್ಲಗೆ ಹೇಳುವ ಮಾತಾಗಿದ್ದರೆ ಆವತ್ತೇ ಹೇಳುತ್ತಿದ್ದೆ. ವಾಪಸು ಬಂದೆ.

ಹೇಳಲೇ? ನೀನು ಹ್ಞೂ ಅಂದರೆ ಹೇಳುತ್ತೇನೆ.

ಚೂಟಿ


೧ ಜುಲೈ

ಚೂಟಿ,

ಬೇಡ.

ಅವನ ಪಕ್ಕದಲ್ಲಿ ಕತ್ತರಿ ಹಿಡಿದು ಕೂರಬೇಕಾದವನು ನಾನು. ಇಲ್ಲಿಯವರು ನನ್ನ ಪ್ಯಾಂಟಿನ ಅಂಚು ನೋಡಿದ ಹಾಗೆ ಅವನು ಒಂದೇ ಒಂದು ಸಲ ನನ್ನ ಕೈ ನೋಡಿದರೂ ಆ ಅಂಗಡಿಗೆ ನಾನು ಕಾಲಿಡಲಾರೆ. ಅವನಿಗೆ ಕೆಲಸ ಕಲಿಸಿದವನು ನಾನು. ಹೃದಯದವನಾಗಿಯೇ ಇರುತ್ತೇನೆ. ಉಪ್ಪಿಲ್ಲದೆಯೂ ಉಣ್ಣುತ್ತೇನೆ.

ಅಪ್ಪ


೯ ಜುಲೈ

ಅಪ್ಪ,

ನಿನ್ನೆ ಮಧ್ಯಾಹ್ನ ನೀನು ಫೋನು ಮಾಡಿದ್ದೆ. ನಾನು ನೋಡಿದ್ದು ಸಂಜೆ, ಆಫೀಸಿನ ಕಪಾಟಿನಿಂದ ಫೋನು ತೆಗೆದುಕೊಂಡಾಗ. ಒಂದರ ಮೇಲೊಂದು ಮಾಡಿದ್ದೀಯ.

ನಲ್ಲಿಯಲ್ಲಿ ನೀರು ಬರುತ್ತಿಲ್ಲ ಅಂತ ಊರವರು ಮಾಡುವ ಫೋನನ್ನೆಲ್ಲ ಎತ್ತುವುದು ನನ್ನ ಕೆಲಸ. ನಮ್ಮ ಸ್ವಂತ ಫೋನುಗಳನ್ನು ಕಪಾಟಿಗೆ ಹಾಕಿ ಬೀಗ ಹಾಕುತ್ತಾರೆ. ನಿನ್ನೆ ಮಧ್ಯಾಹ್ನ ಒಬ್ಬಾಕೆ ನೀರು ಕೆಂಪಗೆ ಬರುತ್ತಿದೆ ಅಂತ ಬಾಯಿಗೆ ಬಂದ ಹಾಗೆ ಬೈದಳು. ‘ಕೇಳಿಸ್ಕೋತಾ ಇದೀನಮ್ಮ, ಹೇಳಿ, ಎಲ್ಲಾ ಹೇಳಿ’ ಅನ್ನುತ್ತಲೇ ಇದ್ದೆ. ನೀನು ಮಾಡಿದ್ದು ಅದೇ ಹೊತ್ತಿನಲ್ಲಿ. ಯಾರೋ ಬೀದಿಯ ನೀರಿನ ಬಣ್ಣ ಕೇಳಲು ನನಗೆ ಕಿವಿ ಇತ್ತು.

ತಿರುಗಿ ಮಾಡಿದರೆ ಮೇಜಿನವರು ‘ಮಲಗಿದಾರೆ, ಈಗ ಪರವಾಗಿಲ್ಲ’ ಅಂದರು. ಈಗ ಅಂದರೆ? ಮುಂಚೆ ಏನಾಗಿತ್ತು? ಮುಚ್ಚಿಡದೆ ಬರೆ ಅಪ್ಪ.

ಚೂಟಿ


೧೨ ಜುಲೈ

ಚೂಟಿ,

ಮುಚ್ಚಿಡುವುದಿಲ್ಲ. ಯೋಚನೆ ಬಂದಿತ್ತು. ಕಾರಣ ಏನೂ ಇಲ್ಲ. ಊಟ ಮಾಡಿದ್ದೆ, ಡ್ರೈವರು ತನ್ನ ಬಸ್ಸಿನ ಕಥೆ ಹೇಳಿ ನಗಿಸಿದ್ದ. ತಟ್ಟೆ ತೊಳೆಯುತ್ತ ನಿಂತಿದ್ದಾಗ ಬಂತು. ಇಷ್ಟು ದಿನ ಟಕಟಕ ಹೊಡೆಸಿಕೊಂಡು ಮತ್ತೆ ಅಲ್ಲಿಗೇ ಬಂದೆನಲ್ಲ ಎಂದು ನಾಚಿಕೆಯಿಂದ ಕುಗ್ಗಿಹೋದೆ.

ಆದರೆ ಒಂದು ವ್ಯತ್ಯಾಸ ಕಂಡೆ. ಆ ದಿನ ಮನೆಯಲ್ಲಿ ಯೋಚನೆಗೂ ಕೈಗೂ ನಡುವೆ ಜಾಗವೇ ಇರಲಿಲ್ಲ. ಈ ಸಲ ಇತ್ತು. ಮೊಗಸಾಲೆಯವರೆಗೆ ನಡೆದುಹೋಗಿ ಫೋನು ಕೊಡಿ ಅಂತ ಕೇಳುವಷ್ಟು ಜಾಗ. ಡಾಕ್ಟರಮ್ಮನಿಗೆ ಹೇಳಿದರೆ, ‘ಅಷ್ಟು ಜಾಗ ಆಗ್ಲಿ ಅಂತಾನೇ ನಾವು ಒದ್ದಾಡ್ತಿರೋದು’ ಅಂದರು.

ನೀನು ಎತ್ತಲಿಲ್ಲ. ಅದು ನಿನ್ನ ತಪ್ಪಲ್ಲ, ನೀನು ಕೆಲಸದಲ್ಲಿದ್ದೆ. ಬೇರೆ ಯಾರಿಗಾದರೂ ಮಾಡೋಣವೆಂದು ಫೋನಿನಲ್ಲಿರುವ ಹೆಸರುಗಳನ್ನೆಲ್ಲ ನೋಡಿದೆ. ಊರ ತುಂಬ ಗುರುತಿನವರು. ಎಲ್ಲರಿಗೂ ನಾನು ಹಾರ್ಟು ಪೇಷಂಟು. ಕಾಜಾ ಹೆಸರಿನ ಮೇಲೆ ಬೆರಳಿಟ್ಟೆ, ತೆಗೆದೆ. ಎತ್ತಿದರೆ ಏನಂತ ಹೇಳಲಿ? ಎದೆ ನೋವು ಅನ್ನಲೇ?

ಆ ಹೊತ್ತಿಗೆ ಯಂತ್ರದ ಹುಡುಗಿ ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೊರಟಿದ್ದಳು. ನನ್ನ ಮುಖ ನೋಡಿ ಪಕ್ಕದಲ್ಲಿ ಕೂತಳು. ‘ಬಂದಿದೆಯಾ?’ ಅಂದಳು. ಹ್ಞೂ ಅಂದೆ. ಅಷ್ಟು ಹೇಳಿದ್ದಕ್ಕೇ ಅದರ ಅರ್ಧ ಬಲ ಇಳಿದುಹೋಯಿತು. ಪಾಪ, ಅವಳಿಗೆ ಬಸ್ಸು ತಪ್ಪಿತು.

ಕಾಜಾಗೆ ಹೇಳುವ ಮಾತನ್ನು ಮಾತ್ರ ಮತ್ತೆ ಎತ್ತಬೇಡ.

ಅಪ್ಪ


೧೮ ಜುಲೈ

ಅಪ್ಪ,

ಹೇಳಿಬಿಟ್ಟೆ. ನೀನು ಬೇಡವೆಂದಿದ್ದೆ, ಆದರೂ ಹೇಳಿದೆ. ಸಿಟ್ಟಾಗು, ಮಾತು ಬಿಡು, ಏನು ಬೇಕಾದರೂ ಮಾಡು. ನೀನು ಇದ್ದು ಮಾಡು.

ಮೊದಲು ನಮ್ಮ ಸಾಹೇಬರ ಹತ್ತಿರ ಹೋಗಿ ಫೋನನ್ನು ನನ್ನ ಬಳಿಯೇ ಇಟ್ಟುಕೊಳ್ಳಲು ಅನುಮತಿ ಕೇಳಿದೆ. ಯಾಕೆ ಅಂದರು. ಬಾಯಿಗೆ ಮತ್ತೆ ಹಾರ್ಟು ಬಂತು. ನಾಲಿಗೆ ಕಚ್ಚಿಕೊಂಡು ನಿಜ ಹೇಳಿದೆ. ಅವರು ಪೆನ್ನಿಗೆ ಮುಚ್ಚಳ ಹಾಕಿ, ‘ಇಟ್ಕೊಳ್ಳಮ್ಮ’ ಅಂದರು. ಆಕಾಶ ಕಳಚಿ ಬೀಳಲಿಲ್ಲ. ಅದೇ ಧೈರ್ಯದಲ್ಲಿ ನೇರ ಅಂಗಡಿಗೆ ಹೋದೆ.

ಮಾಮ ಒಂದು ಕೋಟಿಗೆ ಕಾಜಾ ಹಾಕುತ್ತಿದ್ದ. ‘ಮಾಮ, ಅಪ್ಪನ ಹೃದಯಕ್ಕೇನೂ ಆಗಿಲ್ಲ’ ಅಂದೆ.

‘ಅಬ್ಬಾ, ವಾಸಿ ಆಯ್ತಾ!’ ಅಂದ.

‘ಆಗೇ ಇರ್ಲಿಲ್ಲ ಮಾಮ. ಸುಳ್ಳು ಹೇಳಿದ್ದೆ. ಅಪ್ಪ ಸಾಯಕ್ಕೆ ಹೋಗಿದ್ದ.’

ಅವನು ತಲೆ ಎತ್ತಲಿಲ್ಲ. ಹೊಲಿಯುತ್ತಲೇ ಇದ್ದ. ನಾನು ಚಿಕಿತ್ಸೆಯ ವಿಷಯ, ಆಯಸ್ಕಾಂತದ ವಿಷಯ, ಕಾರ್ಡಿನ ವಿಷಯ ಎಲ್ಲ ಹೇಳಿ ಮುಗಿಸಿದೆ. ದಾರ ಕತ್ತರಿಸಿ ಕೋಟನ್ನು ಬೆಳಕಿಗೆ ಹಿಡಿದ. ಕಾಜಾದ ಬಾಯನ್ನೇ ಹೊಲಿದು ಮುಚ್ಚಿಬಿಟ್ಟಿದ್ದ. ಅವನ ಕೈಯಿಂದ ಅಂಥ ತಪ್ಪು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

‘ನನ್ ಪಕ್ಕದಲ್ಲೇ ಕೂತಿದ್ನಲ್ಲೇ’ ಅಂದ. ಎದ್ದು ಹೋಗಿ ಬೋರ್ಡು ಇಳಿಸಿ, ಮುಖ ಗೋಡೆಗೆ ಮಾಡಿ ಇಟ್ಟ. ನನ್ನ ಮುಖ ಮಾತ್ರ ನೋಡಲಿಲ್ಲ. ‘ಮನೆಗೆ ಹೋಗು’ ಅಂದ. ನಾನು ಮಾಡಿದ್ದು ಸರಿಯೋ ತಪ್ಪೋ ಗೊತ್ತಾಗದೆ ಬಂದುಬಿಟ್ಟೆ.

ಚೂಟಿ


೨೦ ಜುಲೈ

ಅಣ್ಣಾ,

ನಾನು ಕಾಗದ ಬರ್ದು ರೂಢಿ ಇಲ್ಲ. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೋ. ಮೊದ್ಲು ಬೈಗುಳ ಮುಗಿಸ್ಬಿಡ್ತೀನಿ. ನಿನ್ ದೆಸೆಯಿಂದ ಇಷ್ಟು ದಿನ ಸಪ್ಪೆ ತಿಂದು ನನ್ನ ನಾಲಿಗೆ ಸತ್ತುಹೋಗಿದೆ. ಆ ಹಾಲಿನವನು ಈಗಲೂ ನನ್ ಜೊತೆ ಮಾತಾಡಲ್ಲ. ಇದನ್ನೆಲ್ಲ ಬಂದ್ಮೇಲೆ ನೀನು ತೀರಿಸ್ಬೇಕು.

ಅಣ್ಣ, ಆವತ್ತು ಮಧ್ಯಾಹ್ನ ನೀನು ‘ಹೋಗ್ಬರ್ತೀನಿ’ ಅನ್ನದೆ ಎದ್ದು ಹೋದೆ. ನಾನು ಸೂಜಿಗೆ ದಾರ ಪೋಣಿಸ್ತಾ ಇದ್ದೆ, ತಲೆ ಎತ್ತಿ ನೋಡ್ಲಿಲ್ಲ. ಇಷ್ಟು ವರ್ಷ ಒಂದೇ ಬೆಳಕಲ್ಲಿ ಕೂತು ಹೊಲಿದೋರು ನಾವು. ನನಗೆ ಗೊತ್ತಾಗ್ಲಿಲ್ವಲ್ಲ. ನಾಚ್ಕೆ ನಿನಗೊಬ್ನಿಗೇ ಅಲ್ಲ, ನಂಗೂ ಇದೆ.

ನಾನು ನಿನ್ ಕೈ ನೋಡ್ತೀನಿ ಅಂತ ನಿಂಗೆ ಸಂಕಟವಂತೆ, ಚೂಟಿ ಹೇಳಿದ್ಲು. ನಾನು ನಿನ್ ಕೈ ನೋಡ್ಕೊಂಡೇ ಕೆಲಸ ಕಲ್ತಿದ್ದು. ಈಗ ಯಾಕೆ ನಿಲ್ಲಿಸ್ಲಿ? ನೋಡ್ತೀನಿ. ದೊಡ್ಡ ಕತ್ತರಿ ಸಂಜೆ ನನ್ ಜೊತೆ ನನ್ ಮನೆಗೆ ಬರುತ್ತೆ, ಬೆಳಿಗ್ಗೆ ನನ್ ಜೊತೆ ವಾಪಸ್ ಬರುತ್ತೆ. ಅದಕ್ಕೆ ನೀನು ಮುಖ ಊದಿಸ್ಕೋಬಾರ್ದು. ದಿನಾ ಊಟ ಆಯ್ತಾ ಅಂತ ಕೇಳ್ತೀನಲ್ಲ, ಅದ್ರ ಜೊತೆ ಇನ್ನೊಂದು ಕೇಳ್ತೀನಿ: ಇವತ್ತು ಆ ಯೋಚನೆ ಬಂತಾ? ಬಂದಿದ್ರೆ ಹ್ಞೂ ಅನ್ನು. ನಾನು ಉಪದೇಶ ಮಾಡಲ್ಲ. ನಂಗೆ ಬರೋದೂ ಇಲ್ಲ. ಪಕ್ಕದಲ್ಲಿ ಕೂರಕ್ಕೆ ಬರುತ್ತೆ.

ಆ ಕಾರ್ಡಲ್ಲಿ ನನ್ನ ನಂಬರ್ ಸರಿಯಾಗಿ ಬರಿ. ಕೊನೇದು ಏಳು, ಒಂದು ಅಂತ ಓದ್ಕೊಳ್ಳೋ ಹಾಗೆ ಬರೀಬೇಡ. ಒಂದು ಅನುಮಾನ: ನಮ್ಮಲ್ಲಿ ನೆಲಕ್ಕೆ ಬಿದ್ದ ಪಿನ್ನು ಆಯಕ್ಕೆ ಆಯಸ್ಕಾಂತ ಇದೆಯಲ್ಲ, ಅದನ್ನ ತಲೆಗೆ ಉಜ್ಜಿದ್ರೆ ಏನಾದ್ರೂ ಉಪಯೋಗ ಇದೆಯಾ? ಡಾಕ್ಟರನ್ನ ಕೇಳು.

ಇಂತಿ ನಿನ್ನ
ಕಾಜಾ


೨೬ ಜುಲೈ

ಚೂಟಿ,

ಎರಡು ದಿನ ನಿನ್ನ ಮೇಲೆ ಕೆಂಡದಂಥ ಸಿಟ್ಟಿತ್ತು. ನಂಬಿ ಬರೆದ ಮಾತನ್ನು ಅಂಗಡಿಯಲ್ಲಿ ಹರವಿದಳಲ್ಲ ಎಂದು. ಆಮೇಲೆ ಕಾಜಾ ಕಾಗದ ಬಂತು. ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಆಯಸ್ಕಾಂತದ ಪ್ರಶ್ನೆ ಕೇಳಿದೆ. ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ‘ಬೇಡ, ಪಿನ್ನು ಆಯ್ಲಿ ಅಂತ ಹೇಳಿ’ ಅಂದರು.

ಕಾರ್ಡಿನಲ್ಲಿ ಈಗ ಎರಡು ಹೆಸರುಗಳಿವೆ. ಏಳನ್ನು ಏಳಿನ ಹಾಗೇ ಬರೆದಿದ್ದೇನೆ. ಇಲ್ಲಿನ ಸರದಿ ಮುಗಿಯುತ್ತ ಬಂತು, ಮಾತ್ರೆ ಮುಂದುವರಿಯುತ್ತದೆ, ಆಗಾಗ ಬಂದು ತೋರಿಸಬೇಕು. ವಾಸಿಯಾಯಿತೇ ಎಂದು ಕೇಳಬೇಡ. ತಟ್ಟೆ ತೊಳೆಯುವಾಗ ಬರೀ ತಟ್ಟೆ ತೊಳೆಯುತ್ತಿರುತ್ತೇನೆ, ಹೆಚ್ಚಿನ ದಿನ. ಬೀದಿಯಲ್ಲಿ ಮುಖ ಎತ್ತಿ ನಡೆಯಲು ಇನ್ನೂ ಧೈರ್ಯವಿಲ್ಲ. ಬಸ್ ನಿಲ್ದಾಣಕ್ಕೆ ನೀನೂ ಬಾ, ಅವನನ್ನೂ ಕರೆದುಕೊಂಡು ಬಾ. ನಡುವೆ ನಡೆಯುತ್ತೇನೆ.

ನಿನ್ನ ಅಪ್ಪ


೫ ಆಗಸ್ಟ್
(ಇಸ್ತ್ರಿ ಮೇಜಿನ ಮೇಲೆ)

ಚೂಟಿ, ಹೆದರಬೇಡ. ನಾನು ಅಂಗಡಿಯಲ್ಲಿದ್ದೇನೆ, ಚೆನ್ನಾಗಿದ್ದೇನೆ. ಮೊದಲು ಇದನ್ನು ಓದು, ಕೆಳಗಿನದನ್ನು ಆಮೇಲೆ ಓದು.

ಕಾಜಾ ಕರೆಯಲು ಬಂದಿದ್ದಾನೆ. ಮೇಷ್ಟ್ರ ತಮ್ಮನಿಗೆ ಕೋಟು ಬೇಕಂತೆ, ಅಳತೆಗೆ ನಾನೇ ಬೇಕಂತೆ. ನೀನು ಬರುವ ಹೊತ್ತಿಗೆ ಮನೆಯಲ್ಲಿ ಇರುವುದಿಲ್ಲ.

ಇಷ್ಟು ಬರೆದು, ಚಾಕ್‌ಪೀಸ್ ಹೇರಿಟ್ಟು, ಬೀದಿಯ ತಿರುವಿನವರೆಗೆ ಹೋಗಿದ್ದೆ. ನೀನು ಬಾಗಿಲು ತೆಗೆದು ಒಳಗೆ ಬಂದರೆ ಈ ಮೇಜಿನ ಮೇಲೆ ಏನು ಕಾಣುತ್ತೀಯ ಎಂದು ಆಗ ಹೊಳೆಯಿತು. ತಕ್ಷಣ ತಿರುಗಿದೆ. ಓಡಿ ಬಂದೆ. ಹರಿದುಹಾಕೋಣವೆಂದುಕೊಂಡೆ. ಆದರೆ ಆ ಮೇಜಿನ ಮೇಲೆ ನನ್ನ ಕೈಬರಹದ ಇನ್ನೊಂದು ಚೀಟಿ ಇರಲಿ, ನೀನು ಕೊನೆಗೆ ಓದಿದ್ದು ಅದಾಗದೆ ಇದಾಗಲಿ ಎನ್ನಿಸಿತು. ಎಲ್ಲಕ್ಕಿಂತ ಮೇಲಿನ ಸಾಲು ಈಗ ಸೇರಿಸಿದ್ದು. ಕಾಜಾ ಬೀದಿಯಿಂದ ‘ಕಾಗದ ಬರಿಯೋದು ಮುಗೀತಾ ಸಾಹಿತಿಗಳೇ’ ಅಂತ ಕೂಗುತ್ತಿದ್ದಾನೆ.

ಮೊದಲು ಹೊರಟಾಗ ದಾರಿಯಲ್ಲಿ ಹಾಲಿನವನು ಸಿಕ್ಕು ಹೃದಯ ಹೇಗಿದೆ ಅಂದ. ಹೃದಯಕ್ಕೇನೂ ಆಗಿಲ್ಲ, ಆದದ್ದು ತಲೆಗೆ, ಚಿಕಿತ್ಸೆ ಆಗಿದೆ ಅಂದೆ. ಕಿವಿಯೆಲ್ಲ ಬಿಸಿಯಾಯಿತು. ಅವನು ‘ಹಾಗಾದ್ರೆ ಇನ್ಮೇಲೆ ಹಾರ್ನ್ ಹೊಡೀಬಹುದಾ?’ ಅಂದ. ಹೊಡಿ ಅಂದೆ.

ಬರುವಾಗ ಅಂಗಡಿ ಮುಂದೆ ಹಾದು ಬಾ. ಕೋಟಿನ ಅಳತೆಯಿಂದ ಹಿಡಿದು ಎರಡು ತೋಳು, ಕಾಲರು, ಲೈನಿಂಗು, ಎಲ್ಲ ಬಾಕಿ ಇದೆ. ಇವತ್ತಿಗೆ ಮುಗಿಯುವ ಕೆಲಸವಲ್ಲ, ನಾಳೆಯೂ ಹೋಗಬೇಕು.

ಅಪ್ಪ